ತಲೆ ಹಿಂದಿನ ಲವ್ಲಿ

ಕ್ಲೆಮ್ ಆಗ್ಡನ್‌ನ ತಲೆಯಲ್ಲಿ ಮುಂಭಾಗವಷ್ಟೇ ಅವನದು. ಹಿಂಭಾಗ ಮಿಸ್ಟರ್ ಟ್ಯಾಟರ್ಸಲ್ ಅವರದು. ಏಳು ವರ್ಷದಿಂದ ನಡೆದುಕೊಂಡು ಬಂದಿದ್ದ ಈ ಪಾಲುಪಟ್ಟಿಗೆ ಆಧಾರ ಒಂದೇ ಒಂದು ಮಾತು.

ಆ ಮಾತು ಆಡಿದ ದಿನ ಕ್ಲೆಮ್‌ಗೆ ಹದಿನೇಳು ವರ್ಷ. ಕ್ಲೆಗ್‌ಡೇಲ್‌ನ ಚರ್ಚ್ ರಸ್ತೆಯಲ್ಲಿರುವ ಟ್ಯಾಟರ್ಸಲ್ ಕಟಿಂಗ್ ಶಾಪಿನ ಕೆಂಪು ಕುರ್ಚಿಯಲ್ಲಿ, ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದ. ಕತ್ತರಿ ನಿಂತಿತು. ಟ್ಯಾಟರ್ಸಲ್ ಒಂದು ದುಂಡು ಕನ್ನಡಿಯನ್ನು ಅವನ ತಲೆಯ ಹಿಂದೆ ಹಿಡಿದು, "ಹೆಂಗಿದೆ ಮರಿ?" ಎಂದರು. ಎದುರಿನ ಕನ್ನಡಿಯೊಳಗೆ ಹಿಂದಿನ ಕನ್ನಡಿ, ಅದರೊಳಗೆ ಕ್ಲೆಮ್‌ನ ಹಿಂದಲೆ. ಎಡಕಿವಿಯಿಂದ ಬಲಕಿವಿಗೆ ಮೂರು ಮೆಟ್ಟಿಲು. ನಡುವೆ ಒಂದು ಕಡೆ, ಮೇಕೆ ಮೇಯುತ್ತಾ ಮೇಯುತ್ತಾ ಏನೋ ನೆನಪಾಗಿ ಎದ್ದು ಹೋದಂಥ ಬೋಳು.

ಕ್ಲೆಮ್ ಸಿನಿಮಾ ನೋಡಿಕೊಂಡೇ ಬೆಳೆದವನು. ಊರಿನ ಒಂದೇ ಒಂದು ಚಿತ್ರಮಂದಿರದಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿ ಆಗ ಒಂದು ತಿಂಗಳಾಗಿತ್ತು. ಎದೆಯೊಳಗೆ ಡೈಲಾಗ್ ಕುದಿಯಿತು: 'ಟ್ಯಾಟರ್ಸಲ್! ಇದು ತಲೆ ಕಣಯ್ಯಾ, ಹುಲ್ಲುಗಾವಲಲ್ಲ! ಇವತ್ತು ನಿನ್ನ ಕತ್ತರಿಗೆ ಸಿಕ್ಕಿದ್ದು ಬರೀ ಕೂದಲಲ್ಲ, ಒಬ್ಬ ತಾಯಿಯ ಕನಸು!' ಕಿವಿಯೊಳಗೆ ಡ್ರಮ್ಮು ಮೊಳಗಿತು. ಕ್ಯಾಮೆರಾ ಹತ್ತಿರ ಬಂತು. ಹೀರೋ ಬಾಯಿ ತೆರೆದ.

"ಲವ್ಲಿ," ಅಂದ.

ಪಾಪ, ಅವನೊಬ್ಬನದೇ ತಪ್ಪಲ್ಲ. ಕ್ಲೆಗ್‌ಡೇಲ್‌ನಲ್ಲಿ ಆ ಮಾತು ಬೀಳದ ಜಾಗ ಎಲ್ಲಿದೆ? ಬಸ್ಸು ನಲವತ್ತು ನಿಮಿಷ ತಡವಾಗಿ ಬಂದು ಬಾಗಿಲು ತೆರೆದರೆ ಲವ್ಲಿ. ಅಂಗಡಿಯವಳು ಚೀಲ ಕೊಟ್ಟರೆ ನೀವು ಲವ್ಲಿ ಅನ್ನಬೇಕು, ಚೀಲ ಬೇಡ ಅಂದರೆ ಅವಳು ಲವ್ಲಿ ಅನ್ನುತ್ತಾಳೆ. ಮಳೆ ಎರಡು ನಿಮಿಷ ನಿಂತರೆ ಇಡೀ ಬೀದಿ ಲವ್ಲಿ. ಹಲ್ಲಿನ ಡಾಕ್ಟರು 'ಎರಡು ಕೀಳಬೇಕು' ಅಂದರೂ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಲವ್ಲಿ. ಮಣ್ಣು ಮಾಡಿ ಬಂದು ಹ್ಯಾಮ್ ಸ್ಯಾಂಡ್‌ವಿಚ್ ಮೆಲ್ಲುತ್ತಾ, "ತುಂಬ ಲವ್ಲಿಯಾಗಿ ಆಯ್ತು ಕಣ್ರೀ" ಅನ್ನುತ್ತಾರೆ. ಸತ್ತವರ ಅಭಿಪ್ರಾಯ ಗೊತ್ತಾಗುವುದಿಲ್ಲ. ಅವರೂ ಈ ಊರಿನವರೇ, ಅದನ್ನೇ ಅನ್ನುತ್ತಿದ್ದರು. ಶಬ್ದಕೋಶದಲ್ಲಿ ಅದಕ್ಕೆ ಚೆಲುವಾದದ್ದು, ಮುದ್ದಾದದ್ದು ಅಂತೆಲ್ಲ ಅರ್ಥ ಇದೆಯಂತೆ. ಕ್ಲೆಗ್‌ಡೇಲ್‌ನವರು ಶಬ್ದಕೋಶವನ್ನು ಗಾಳಿಗೆ ಬಾಗಿಲು ಬಡಿಯದಿರಲಿ ಅಂತ ಅಡ್ಡ ಇಡುತ್ತಾರೆ. ಆ ಮಾತನ್ನೂ ಹಾಗೆಯೇ ಬಳಸುತ್ತಾರೆ.

ಆದರೆ ಕಟಿಂಗ್ ಶಾಪಿನಲ್ಲಿ ಒಮ್ಮೆ ಲವ್ಲಿ ಅಂದರೆ ಮುಗಿಯಿತು, ಜೀವಾವಧಿ. ಮುಂದಿನ ಸಲ ಮುಖ ಸಿಂಡರಿಸಿದರೆ, 'ಹಾಗಾದ್ರೆ ಹೋದ್ಸಲ ಸುಳ್ಳು ಹೇಳಿದ್ಯಾ?' ಎಂಬ ಪ್ರಶ್ನೆ ಏಳುತ್ತದೆ. ಅದಕ್ಕಿಂತ ಮೆಟ್ಟಿಲೇ ವಾಸಿ. ಐದು ವಾರಕ್ಕೊಮ್ಮೆ, ಏಳು ವರ್ಷ, ಕ್ಲೆಮ್ ಹೋಗಿ ತಲೆ ಕೊಟ್ಟು, ಲವ್ಲಿ ಅಂದು, ಟೋಪಿ ಹಾಕಿಕೊಂಡು ಬಂದ. ಊರಿನ ಗಂಡಸರೆಲ್ಲ ಟೋಪಿ ಹಾಕುತ್ತಿದ್ದರು. ಹೊರಗಿನವರು ಚಳಿಗೆ ಅಂದುಕೊಳ್ಳುತ್ತಿದ್ದರು.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಮದುವೆ ಗೊತ್ತಾಯಿತು.

ಹುಡುಗಿ ಬ್ರಯೋನಿ. ಕ್ಲೆಗ್‌ಡೇಲ್‌ನಿಂದ ಪಕ್ಕದ ಮಾರ್ಲ್‌ಟನ್‌ಗೆ ಹೋಗುವ ಹದಿನಾಲ್ಕನೇ ನಂಬರ್ ಬಸ್ಸಿನ ಡ್ರೈವರ್. ಸ್ಟಿಯರಿಂಗ್ ಹಿಡಿದ ಕೈಗೆ ತಕ್ಕ ಬಾಯಿ. ಮದುವೆ ಶನಿವಾರ ಇತ್ತು. ಮಂಗಳವಾರ ಸಂಜೆ, ಬಟಾಣಿ ಜೊತೆ ಪೈ ತಿನ್ನುತ್ತಾ, ಅವಳು ಫೋರ್ಕ್ ಕೆಳಗಿಟ್ಟಳು.

"ಲೋ ಕ್ಲೆಮ್, ಚರ್ಚಲ್ಲಿ ನೀನು ಪಾದ್ರಿ ಕಡೆ ಮುಖ ಮಾಡಿ ನಿಂತಿರ್ತೀಯ. ಹಿಂದೆ ಎಂಬತ್ತು ಜನ. ಒಂದು ಗಂಟೆ ಹೊತ್ತು ಅವರು ಏನು ನೋಡ್ತಾರೆ ಹೇಳು?"

"ನಿನ್ನ ಗೌನಿನ ಸೆರಗು."

"ನಿನ್ನ ಹಿಂದಲೆ! ನಮ್ಮ ಭಾವನ ಮದುವೆ ವಿಡಿಯೋ ನೋಡಿ ನಮ್ಮಜ್ಜಿ ಏನಂದ್ರು ಗೊತ್ತಾ? 'ಪಾಪ, ಹುಡುಗನಿಗೆ ತಲೆ ಆಪರೇಷನ್ ಯಾವಾಗ ಆಯ್ತು' ಅಂತ."

ಅದಕ್ಕೆ ಕಾರಣವಿತ್ತು. ಶನಿವಾರ ಮದುವೆಯಾಗುವ ಕ್ಲೆಗ್‌ಡೇಲ್‌ನ ಪ್ರತಿ ಗಂಡಿಗೂ ಹಿಂದಿನ ದಿನ ನಾಲ್ಕು ಗಂಟೆಗೆ ಟ್ಯಾಟರ್ಸಲ್ ಅಂಗಡಿಯಲ್ಲಿ 'ಮದುಮಗನ ಕಟಿಂಗ್'. ಅದಕ್ಕೆ ಅವರು ಕಾಸು ಮುಟ್ಟುವುದಿಲ್ಲ. ಮುಗಿದ ಮೇಲೆ ಒಂದು ಸಣ್ಣ ಗ್ಲಾಸಿನಲ್ಲಿ ವಿಸ್ಕಿ ಬೇರೆ. ನಲವತ್ತೊಂದು ವರ್ಷದ ಪದ್ಧತಿ. ಅಂಗಡಿ ಗೋಡೆಯ ತುಂಬ ಮದುಮಗಂದಿರ ಫೋಟೋ. ಹಳೆಯವು ನೆಟ್ಟಗಿವೆ, ಕತ್ತು ನೋಡಿದರೆ ಮುಟ್ಟಬೇಕು ಅನ್ನಿಸುತ್ತದೆ. ಈಚಿನ ಏಳು ವರ್ಷದವೆಲ್ಲ ಎದುರಿನಿಂದ ಮಾತ್ರ ತೆಗೆದವು.

"ಹೋಗಿ ಹೇಳು," ಅಂದಳು ಬ್ರಯೋನಿ. "'ಮಿಸ್ಟರ್ ಟ್ಯಾಟರ್ಸಲ್, ನಿಮ್ಮ ಕಟಿಂಗ್ ಈಗ ಚೆನ್ನಾಗಿ ಆಗ್ತಿಲ್ಲ, ನಂಗೆ ಬೇಡ.' ಅಷ್ಟೇ. ನಾಲ್ಕು ಮಾತು."

"ಬೇಜಾರು ಮಾಡ್ಕೊಳ್ತಾರೆ ಕಣೇ."

"ಮಾಡ್ಕೊಳ್ಲಿ. ಇದು ಕೂದಲಿನ ವಿಷಯ ಅಲ್ಲ ಕ್ಲೆಮ್. ಈ ಪೈ ಹೆಂಗಿದೆ?"

"ಲವ್..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಸೀದು ಹೋಗಿದೆ. ನಾನೇ ಸೀಯಿಸಿದ್ದು, ನಂಗೊತ್ತು. ಶನಿವಾರ ಪಾದ್ರಿ ನಿನ್ನ ಕೇಳ್ತಾರೆ, ಇವಳನ್ನ ಒಪ್ಕೊಂಡಿದ್ದೀಯಾ ಅಂತ. ನೀನು ಹೂಂ ಅಂತೀಯ. ಅದು ನಿಜದ ಹೂಂ ಅಂತ ನಂಗೆ ಹೆಂಗೊತ್ತಾಗ್ಬೇಕು? ಆ ಮುದುಕರಿಗೆ ನಿಜ ಹೇಳು. ಹೇಳಿದ ಮೇಲೆ ಚರ್ಚಿಗೆ ಬಾ. ಇಲ್ಲಾಂದ್ರೆ ಶನಿವಾರ ನಾನು ಡ್ಯೂಟಿ ಹಾಕಿಸ್ಕೊಳ್ತೀನಿ."

ಅವಳು ತಮಾಷೆ ಮಾಡುವಾಗ ಮೂಗು ಅಲ್ಲಾಡುತ್ತದೆ. ಮೂಗು ಅಲ್ಲಾಡಲಿಲ್ಲ.

ಬುಧವಾರ ಬೆಳಿಗ್ಗೆ ಕ್ಲೆಮ್ ಬಚ್ಚಲುಮನೆಯಲ್ಲಿ ಮೂರು ಟೇಕ್ ತೆಗೆದುಕೊಂಡ. ಮೊದಲನೆಯದು ಕೋಪದ ಟೇಕ್, ಎರಡನೆಯದು ಕಣ್ಣೀರಿನದು. ಮೂರನೆಯದರಲ್ಲಿ ಮಾತು ಕಡಿಮೆ, ನೋಟ ಜಾಸ್ತಿ. ಮೂರನೆಯದೇ ಓಕೆ ಅಂತ ಹೊರಟ. ಚರ್ಚ್ ರಸ್ತೆಯಲ್ಲಿ ಅವನ ನಡಿಗೆ ಸ್ಲೋ ಮೋಷನ್‌ಗೆ ಬಂತು. ಅಂಗಡಿ ಬಾಗಿಲನ್ನು ಒದೆಯಬೇಕೆಂದುಕೊಂಡಿದ್ದ. ಕಾಲೊರೆಸಿಕೊಂಡು ಒಳಗೆ ಹೋದ.

ಟ್ಯಾಟರ್ಸಲ್ ಕೆಂಪು ಕುರ್ಚಿಗೆ ಪಾಲಿಶ್ ಹಾಕುತ್ತಿದ್ದರು. ಎಪ್ಪತ್ತರ ಹತ್ತಿರದ, ಪೆನ್ಸಿಲ್ಲಿನಂಥ ಮನುಷ್ಯ. ಯಾರು ಬಂದರೆಂದು ತಿಳಿಯಲು ತಲೆಯನ್ನು ಒಂದು ಕಡೆಗೆ ವಾಲಿಸಿದರು.

"ನಾನು, ಕ್ಲೆಮ್."

"ಓಹೋ, ಮದುಮಗ! ಬಾ ಬಾ. ನಾಡಿದ್ದು ನಾಲ್ಕು ಗಂಟೆ ಮರೀಬೇಡ. ಬಾಟಲಿ ತಂದಿಟ್ಟಿದ್ದೀನಿ. ನೂರ ಹನ್ನೆರಡನೇ ಮದುಮಗ ಕಣೋ ನೀನು. ನಿಮ್ಮಪ್ಪಂದೂ ನಾನೇ ಮಾಡಿದ್ದು, ನೋಡು, ಕಿಟಕಿ ಪಕ್ಕದ ಫೋಟೋ."

ಕ್ಲೆಮ್ ನೋಡಿದ. ಅಪ್ಪನ ಕತ್ತು ರೂಲರ್ ಇಟ್ಟು ಗೆರೆ ಎಳೆದ ಹಾಗಿತ್ತು. ಅಪ್ಪ ಈಗಿಲ್ಲ. ಕತ್ತು ಅಲ್ಲಿದೆ.

"ಏನೋ ಹೇಳಕ್ಕೆ ಬಂದ ಹಂಗಿತ್ತು?" ಎಂದರು ಟ್ಯಾಟರ್ಸಲ್.

ಕ್ಲೆಮ್ ನೋಟ ಕೊಟ್ಟ. ಮಾತು ಕಡಿಮೆಯಿದ್ದ ಟೇಕ್ ಅದು. ಎಷ್ಟು ಕಡಿಮೆ ಅಂದರೆ ಒಂದೇ ಉಳಿಯಿತು.

"ಲವ್ಲಿ," ಅಂದು ಹೊರಗೆ ಬಂದ.

ಆ ರಾತ್ರಿ ಹೇಡಿಯ ಮೆದುಳು ಒಂದು ಸ್ಕ್ರೀನ್‌ಪ್ಲೇ ಬರೆಯಿತು. ಗುರುವಾರ ಮಾರ್ಲ್‌ಟನ್‌ಗೆ ಹೋಗಿ ಬೇರೆಯವರ ಹತ್ತಿರ ತಲೆ ಸಣ್ಣಗೆ ಮಾಡಿಸಿಕೊಂಡರೆ, ಶುಕ್ರವಾರ ಟ್ಯಾಟರ್ಸಲ್‌ಗೆ ಕತ್ತರಿಸಲು ಏನು ಸಿಗುತ್ತದೆ? ಅವರು ಗಾಳಿಯಲ್ಲಿ ಕತ್ತರಿ ಆಡಿಸಲಿ, ವಿಸ್ಕಿ ಕೊಡಲಿ. ಬ್ರಯೋನಿಗೆ 'ಹೇಳಿದೆ' ಅಂದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ತನ್ನ ಬಾಯಂತೂ ತೆರೆಯಲೇಬಾರದು. ಇಂಥ ಕಥೆಗೆ ತಾನೇ ನಿರ್ಮಾಪಕನಾದರೂ ದುಡ್ಡು ಹಾಕುವುದಿಲ್ಲ ಅನ್ನಿಸಿತು. ಆದರೂ ಹೊರಟ.

ತೊಂದರೆಯೇನೆಂದರೆ, ಮಾರ್ಲ್‌ಟನ್‌ಗೆ ಇದ್ದದ್ದು ಒಂದೇ ಬಸ್ಸು. ಅದರ ಡ್ರೈವರ್ ಅವನ ಕಡೆ ನೋಡಿದಳು.

"ಎಲ್ಲಿಗೆ ಸವಾರಿ?"

"ಹಲ್ಲು ನೋವು."

"ಗುರುವಾರ ಮಾರ್ಲ್‌ಟನ್‌ಗೆ ಹೋಗೋ ಗಂಡಸರಿಗೆಲ್ಲ ಹಲ್ಲು ನೋವೇ," ಅಂದಳು ಬ್ರಯೋನಿ. "ವಾಪಸ್ ಬರೋವಾಗ ಹಲ್ಲು ಹಂಗೇ ಇರುತ್ತೆ, ಕತ್ತು ಮಾತ್ರ ಬೆಳ್ಳಗಾಗಿರುತ್ತೆ. ಹೇಳಿದ್ಯಾ ಅವರಿಗೆ?"

"ಹೇಳ್ದಂಗೇ."

"ಒಳಗೆ ಹೋಗಿ ಕೂತ್ಕೋ. ನನ್ನ ಕಣ್ಣಿಗೆ ಕಾಣ್ದಂಗೆ."

ಮಾರ್ಲ್‌ಟನ್‌ನಲ್ಲಿ ಕಟಿಂಗ್ ಶಾಪ್ ಇಟ್ಟಿದ್ದವನು ಓರ್ಹಾನ್ ಎಂಬ ತುರ್ಕಿಯವನು. ದೊಡ್ಡ ಮೀಸೆ, ದೊಡ್ಡ ದನಿ, ಬಂದವರಿಗೆಲ್ಲ ಸಣ್ಣ ಗ್ಲಾಸಿನಲ್ಲಿ ಕಪ್ಪು ಚಹಾ. ಕ್ಲೆಮ್ ಒಳಗೆ ಕಾಲಿಟ್ಟ. ಬೆಂಚಿನ ಮೇಲೆ ಕಾಯುತ್ತಿದ್ದ ಮೂವರು ಗಂಡಸರ ಪೇಪರು ಏಕಕಾಲಕ್ಕೆ ಮೇಲೇರಿತು. ಪೇಪರಿನ ಕೆಳಗಿನ ಬೂಟುಗಳು ಕ್ಲೆಮ್‌ಗೆ ಗೊತ್ತಿದ್ದವು. ಒಂದು ಜೊತೆ ಕ್ಲೆಗ್‌ಡೇಲ್‌ನ ಕಟುಕನದು. ಒಂದು ಪೋಸ್ಟ್ ಮಾಸ್ಟರದು. ಕಪ್ಪಗೆ ಹೊಳೆಯುತ್ತಿದ್ದ ಮೂರನೆಯ ಜೊತೆ, ಶನಿವಾರ ಅವನ ಮದುವೆ ಮಾಡಿಸಬೇಕಿದ್ದ ಪಾದ್ರಿಯದು. ಯಾರೂ ಯಾರನ್ನೂ ನೋಡಲಿಲ್ಲ. ನೋಡದೆ ಇರುವುದರಲ್ಲಿ ಈ ಊರಿನವರಿಗೆ ತಲೆಮಾರುಗಳ ಸಾಧನೆಯಿದೆ. "ನಮಗೆ ಅವಸರ ಇಲ್ಲ," ಎಂದಿತು ಪಾದ್ರಿಯ ಪೇಪರು, ಯಾರಿಗೂ ಅಲ್ಲದ ಹಾಗೆ. ಕ್ಲೆಮ್ ನೇರವಾಗಿ ಕುರ್ಚಿಗೆ ಹೋದ.

ಓರ್ಹಾನ್ ಬಲಗಡೆಯಿಂದ ಶುರು ಮಾಡಿದ. ಮೆಷಿನ್ ಜುಯ್ ಎಂದಿತು. ಅರ್ಧ ತಲೆ ಮುಗಿದಿತ್ತು, ಬಾಗಿಲ ಗಂಟೆ ಸದ್ದಾಯಿತು.

ಒಳಗೆ ಬಂದದ್ದು ಮಿಸ್ಟರ್ ಟ್ಯಾಟರ್ಸಲ್.

ಕ್ಲೆಮ್ ಬಟ್ಟೆಯೊಳಗೆ ಕತ್ತು ಎಳೆದುಕೊಂಡ. ಆಮೇಲೆ ಹೊಳೆಯಿತು: ಎಂಥಾ ಕಟಿಂಗ್ ಮಾಡುವವನೂ ತನ್ನ ಹಿಂದಲೆಗೆ ತಾನೇ ಕತ್ತರಿ ಹಾಕಿಕೊಳ್ಳಲಾರ. ಅವರೂ ಎಲ್ಲೋ ಹೋಗಲೇಬೇಕು. ಅವರು ಟೋಪಿ ತೆಗೆದು, ಕೈಯಿಂದ ತಡವಿಕೊಂಡು ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ಎದುರಿನ ಕನ್ನಡಿಯಲ್ಲಿ ಕ್ಲೆಮ್‌ನ ಮುಖವನ್ನೇ ನೇರವಾಗಿ ನೋಡಿದರು. ನೋಡಿ, ಅಪರಿಚಿತನಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿದರು.

ಕಾಣಿಸಲಿಲ್ಲ ಅವರಿಗೆ. ಮೂರು ಅಡಿ ದೂರದಲ್ಲಿ ಕೂತವನು ಕಾಣಿಸಲಿಲ್ಲ.

ಬಚಾವ್, ಅಂದುಕೊಂಡ ಕ್ಲೆಮ್. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಅದು ಅವನಿಗೆ ಚೆನ್ನಾಗಿ ಬರುವ ವಿದ್ಯೆ. ಅಷ್ಟರಲ್ಲಿ ಓರ್ಹಾನ್ ಎಡಗಡೆಗೆ ಬಂದು ಮೆಟ್ಟಿಲು ನೋಡಿ ಮೆಷಿನ್ ನಿಲ್ಲಿಸಿದ.

"ಬಾಸ್," ಎಂದ, ಬೀದಿಯ ಆ ತುದಿಗೆ ಕೇಳುವಂಥ ದನಿಯಲ್ಲಿ, "ಹೋದ್ಸಲ ಇದನ್ನ ಯಾರು ಮಾಡಿದ್ದು? ನಿನ್ನ ದುಷ್ಮನ್ನಾ?"

ಕ್ಲೆಮ್ ಇಲ್ಲವೆಂದು ತಲೆಯಾಡಿಸಿದ.

"ಹೇಳು ಬಾಸ್, ನಾಚ್ಕೋಬೇಡ. ಕತ್ರಿಲಿ ಮಾಡಿದ್ರಾ, ಹಲ್ಲಲ್ಲಿ ಕಡಿದ್ರಾ?"

ಪೇಪರುಗಳು ನಡುಗಿದವು. ಪಕ್ಕದ ಕುರ್ಚಿಯಲ್ಲಿ ಟ್ಯಾಟರ್ಸಲ್ ನಗುತ್ತಿದ್ದರು. ಯಾವನೋ ಅಡ್ಡಕಸಬಿಯ ಕೆಲಸ ಕೇಳಿ ನುರಿತ ಕಸಬುದಾರ ನಗುವ ನಗೆ. ಅದನ್ನು ಕ್ಲೆಮ್‌ಗೆ ತಡೆದುಕೊಳ್ಳಲಾಗಲಿಲ್ಲ.

"ನಾನೇ ಮಾಡ್ಕೊಂಡಿದ್ದು," ಎಂದುಬಿಟ್ಟ.

ನಗು ನಿಂತಿತು. ಟ್ಯಾಟರ್ಸಲ್ ತಲೆ ವಾಲಿಸಿದರು. "ಕ್ಲೆಮ್?"

"ಹೂಂ, ಮಿಸ್ಟರ್ ಟ್ಯಾಟರ್ಸಲ್."

"ಹಲ್ಲು ನೋವಾ?"

"ಹಲ್ಲು ನೋವು. ನೀವು?"

"ನಂದೂ ಹಲ್ಲೇ."

ಸ್ವಲ್ಪ ಹೊತ್ತು ಇಬ್ಬರೂ ಹವಾಮಾನದ ಬಗ್ಗೆ ಯೋಚಿಸಿದರು. ಆಮೇಲೆ ಟ್ಯಾಟರ್ಸಲ್ ಓರ್ಹಾನ್ ಇದ್ದ ಕಡೆ ತಿರುಗಿ, "ಅವನು ಮಾಡ್ಕೊಂಡಿದ್ದಲ್ಲಪ್ಪ," ಎಂದರು ಮೆಲ್ಲಗೆ. "ನಾನು ಮಾಡಿದ್ದು."

ಓರ್ಹಾನ್‌ಗೆ ಈ ದೇಶಕ್ಕೆ ಬಂದು ಹನ್ನೆರಡು ವರ್ಷ. ಅವನು ಮೆಷಿನ್ ನೋಡಿದ, ಚಾವಣಿ ನೋಡಿದ, ಕೊನೆಗೆ ಕ್ಲೆಮ್‌ನ ಮೆಟ್ಟಿಲುಗಳ ಮೇಲೆ ಕೈಯಾಡಿಸಿ, "ಲವ್ಲಿ," ಎಂದ.

"ನಿನ್ನ ಕೇಳಿಲ್ಲ," ಎಂದರು ಟ್ಯಾಟರ್ಸಲ್. "ಕ್ಲೆಮ್, ನೀನು ಹೇಳು. ಚೆನ್ನಾಗಿಲ್ವಾ?"

ಕ್ಲೆಮ್ ಮನಸ್ಸಿನಲ್ಲಿ ಡೈಲಾಗ್ ಹುಡುಕಿದ. ಕೋಪದ್ದಿಲ್ಲ, ಕಣ್ಣೀರಿನದಿಲ್ಲ; ಪ್ರೊಜೆಕ್ಟರ್ ಕೈಕೊಟ್ಟ ಪರದೆಯ ಹಾಗೆ ಬರೀ ಬಿಳಿ.

"ಇಲ್ಲ," ಅಂದ.

"ಯಾವಾಗಿಂದ?"

"ಮೊದಲ್ನೇ ದಿನದಿಂದ."

ಟ್ಯಾಟರ್ಸಲ್ ಎದ್ದರು. ಟೋಪಿ ಹಾಕಿಕೊಂಡರು. ಬೆಂಚಿನ ಮುಂದೆ ಒಂದು ಕ್ಷಣ ನಿಂತು, "ನಮಸ್ಕಾರ ಪಾದ್ರಿಗಳೇ," ಎಂದರು. ಪೈಪ್ ತಂಬಾಕಿನ ವಾಸನೆ ಹಿಡಿದಿರಬೇಕು. ಪೇಪರು ಉತ್ತರಿಸಲಿಲ್ಲ. ಬಾಗಿಲ ಗಂಟೆ ಮತ್ತೆ ಸದ್ದಾಯಿತು.

ಕ್ಲೆಮ್ ಕುತ್ತಿಗೆಯ ಬಟ್ಟೆ ಕಿತ್ತು ಅವರ ಹಿಂದೆ ಓಡಿದ. ಸಿನಿಮಾದಲ್ಲಿ ಹೀರೋ ಓಡುವಾಗ ಕೂದಲು ಹಾರುತ್ತದೆ. ಇವನದು ಎಡಗಡೆ ಮಾತ್ರ ಹಾರಿತು.

ಊರಿಗೆ ವಾಪಸ್ ಹೊರಟ ಬಸ್ಸಿನಲ್ಲಿ ಟ್ಯಾಟರ್ಸಲ್ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿದ್ದರು. ಕ್ಲೆಮ್ ಪಕ್ಕದ ಸೀಟಿನಲ್ಲಿ ಕೂತು, ಮೂರು ಸಲ ಗಂಟಲು ಸರಿಮಾಡಿಕೊಂಡ. ನಾಲ್ಕನೆಯದಕ್ಕೆ ಅವರೇ ಸಿಡಿದರು.

"ಏಳು ವರ್ಷ! ನಾನು ಕನ್ನಡಿ ಯಾಕೆ ಹಿಡೀತಿದ್ದೆ ಅಂದ್ಕೊಂಡಿದ್ದೀಯೋ? ಷೋಕಿಗಾ? ನಂಗೆ ಕಾಣ್ತಿರಲಿಲ್ಲ ಕಣೋ! ಎಲ್ಲಾ ಮಂಜು. ನೀವು ನೋಡಿ ಹೇಳ್ತೀರ ಅಂತ ಹಿಡೀತಿದ್ದೆ. ಕಣ್ಣಾಸ್ಪತ್ರೆಯಿಂದ ಎರಡು ಸಲ ಕಾಗದ ಬಂತು, ಬನ್ನಿ ಪೊರೆ ತೆಗಿತೀವಿ ಅಂತ. ನಾನೇನಂದ್ಕೊಂಡೆ? ಕೈ ನೆಟ್ಟಗಿದೆ, ಊರಿಗೂರೇ ಲವ್ಲಿ ಅಂತಿದೆ, ಕಣ್ಣಿನದೇನು ಅರ್ಜೆಂಟು ಅಂತ ಡ್ರಾಯರಿಗೆ ಹಾಕ್ದೆ. ಒಬ್ಬ, ಒಬ್ಬನಾದ್ರೂ ಬಾಯಿ ಬಿಡಬಾರ್ದಿತ್ತಾ? ನನ್ನ ಮಾನಾನ ತಲೆ ಮೇಲೆ ಹೊತ್ಕೊಂಡು ಊರೆಲ್ಲ ಮೆರವಣಿಗೆ ಮಾಡಿದ್ರಲ್ಲೋ!"

"ನಿಮಗೆ ಬೇಜಾರಾಗುತ್ತೆ ಅಂತ..."

"ಈಗ ಖುಷಿಯಾಗಿದ್ದೀನಾ? ಅಮ್ಮಾ, ಬಸ್ ನಿಲ್ಲಿಸು. ಇವನ ಪಕ್ಕ ಕೂರಲ್ಲ ನಾನು."

ಅದು ಊರಿಗೆ ಎರಡು ಮೈಲಿ ಮುಂಚಿನ ಗುಡ್ಡದ ಸ್ಟಾಪ್. ಕುರಿ ಬಿಟ್ಟರೆ ಯಾರೂ ಇಳಿಯುವುದಿಲ್ಲ. ಟ್ಯಾಟರ್ಸಲ್ ಕಂಬಿ ಹಿಡಿದು ಇಳಿದು, ಮಳೆಯಲ್ಲಿ ನಡೆಯತೊಡಗಿದರು. ಬ್ರಯೋನಿ ಬಾಗಿಲು ಮುಚ್ಚಲಿಲ್ಲ. ಹಿಂದೆ ತಿರುಗಿ ಕ್ಲೆಮ್‌ನ ಅರ್ಧ ತಲೆಯನ್ನು ಒಮ್ಮೆ ನೋಡಿದಳು.

"ಹೇಳ್ದೆ," ಅಂದ ಕ್ಲೆಮ್.

"ಕೇಳಿಸ್ತು. ಶನಿವಾರ ಹನ್ನೊಂದಕ್ಕೆ ಚರ್ಚು, ಲೇಟ್ ಮಾಡ್ಬೇಡ. ಈಗ ಇಳಿ."

"ಮಳೆ ಕಣೇ."

"ಅವರಿಗೂ ಮಳೆನೇ. ಇಳಿಯೋ!"

ಮೊದಲ ಅರ್ಧ ಮೈಲಿ ಟ್ಯಾಟರ್ಸಲ್ ಒಂದು ಹೆಜ್ಜೆ ಮುಂದೆಯೇ ನಡೆದರು. ಒಂದು ಕಡೆ ರಸ್ತೆ ಬಿಟ್ಟು ಚರಂಡಿಯ ಕಡೆ ಹೆಜ್ಜೆಯಿಟ್ಟರು. ಕ್ಲೆಮ್ ತೋಳು ಹಿಡಿದ. ಅವರು ಕೊಸರಿಕೊಂಡರು, ಆಮೇಲೆ ತಾವೇ ಹಿಡಿದುಕೊಂಡರು.

"ಏನಿದೆ ಹಿಂದೆ? ಸರಿಯಾಗಿ ಹೇಳು."

"ಮೆಟ್ಟಿಲು."

"ಎಷ್ಟು?"

"ಮೂರು. ಈಸ್ಟರ್ ಹಬ್ಬದಲ್ಲಿ ನಾಲ್ಕಿತ್ತು."

"ಪಾದ್ರಿದು?"

"ಅವರದು ಸ್ವಲ್ಪ... ದೇವರಿಗೇ ಪ್ರೀತಿ."

"ಕಟುಕಂದು?"

"ಅವನ ಹೆಂಡ್ತಿ ಮನೇಲಿ ಸರಿ ಮಾಡ್ತಾಳೆ. ಮೂಳೆ ಕಡಿಯೋ ಕತ್ರಿಲಿ."

ಟ್ಯಾಟರ್ಸಲ್ ಕೆಮ್ಮಿದ ಹಾಗೆ ಮಾಡಿದರು. ನಗುವೋ ಏನೋ, ಮಳೆಯಲ್ಲಿ ಗೊತ್ತಾಗಲಿಲ್ಲ. ಹೇಳುತ್ತಾ ಹೋದ ಹಾಗೆ ಕ್ಲೆಮ್‌ಗೆ ಧೈರ್ಯ ಬಂತು. ತಾನು ಏಳು ವರ್ಷದಿಂದ ಡೈಲಾಗ್ ಸಿದ್ಧ ಮಾಡಿಟ್ಟುಕೊಂಡಿದ್ದನ್ನೂ ಹೇಳಿಬಿಟ್ಟ.

"ಹೌದಾ? ಹೇಳು, ಕೇಳೋಣ."

ಕ್ಲೆಮ್ ನಿಂತ. ಕೊರಳು ಬಿಗಿ ಮಾಡಿದ. ಹುಲ್ಲುಗಾವಲು, ಕತ್ತರಿ, ತಾಯಿಯ ಕನಸು, ಯಾವುದನ್ನೂ ಬಿಡದೆ ಗುಡ್ಡಕ್ಕೆ ಪ್ರತಿಧ್ವನಿಸುವ ಹಾಗೆ ಹೊಡೆದ. ಒಂದು ಕುರಿ ಮೇಯುವುದನ್ನು ನಿಲ್ಲಿಸಿತು. ಕ್ಲೆಮ್ ಚಪ್ಪಾಳೆಗೆ ಕಾದ.

"ಕೆಟ್ಟದಾಗಿದೆ," ಎಂದರು ಟ್ಯಾಟರ್ಸಲ್. "ತುಂಬಾನೇ ಕೆಟ್ಟದಾಗಿದೆ."

"ಆ ತಾಯಿ ಭಾಗ ಕೂಡ?"

"ಅದೇ ಎಲ್ಲಕ್ಕಿಂತ ಕೆಟ್ಟದ್ದು. ನಿಮ್ಮಮ್ಮ ಬದುಕಿದ್ದಾಳೆ, ಅವಳ ಕನಸಿಗೂ ನಿನ್ನ ಕೂದಲಿಗೂ ಏನಯ್ಯಾ ಸಂಬಂಧ?"

ಏಳು ವರ್ಷ ಸಾಕಿದ ಡೈಲಾಗ್! ಸ್ವಲ್ಪ ನಯವಾಗಿ ಹೇಳಬಾರದಿತ್ತೇ ಈ ಮನುಷ್ಯ, ಅನ್ನಿಸಿತು ಕ್ಲೆಮ್‌ಗೆ. ಅನ್ನಿಸಿದ ಮೇಲೆ ನಾಚಿಕೆಯಾಯಿತು. ಐದು ನಿಮಿಷ ಮುಖ ಊದಿಸಿಕೊಂಡೇ ನಡೆದ. ಆದರೂ ತೋಳು ಬಿಡಲಿಲ್ಲ.

ಅಂಗಡಿ ತಲುಪುವಾಗ ಇಬ್ಬರೂ ತೊಪ್ಪೆ. ಟ್ಯಾಟರ್ಸಲ್ ಡ್ರಾಯರ್ ಎಳೆದು, ಬಾಚಣಿಗೆಗಳ ಕೆಳಗಿನಿಂದ ಎರಡು ಕಾಗದ ತೆಗೆದರು. "ನಂಬರ್ ಓದು," ಎಂದರು. ಕ್ಲೆಮ್ ಓದಿದ. ಅವರು ಬೆರಳಿನಲ್ಲಿ ತಡವಿ ತಡವಿ ಫೋನ್ ಒತ್ತಿದರು. ಆ ಕಡೆಯ ಹೆಂಗಸು ಹೆಸರು ಕೇಳಿದಳು, ಹುಟ್ಟಿದ ದಿನ ಕೇಳಿದಳು, ಇಷ್ಟು ದಿನ ಎಲ್ಲಿದ್ದಿರಿ ಎಂದಳು. ಯಾರೋ ಬರುವುದಿಲ್ಲ ಅಂದಿದ್ದಾರೆ, ಒಂದು ಜಾಗ ಖಾಲಿಯಿದೆ, ನಾಳೆ ಶುಕ್ರವಾರ ನಾಲ್ಕು ಗಂಟೆಗೆ. ಬಿಟ್ಟರೆ ಇನ್ನು ನಾಲ್ಕು ತಿಂಗಳು.

ಟ್ಯಾಟರ್ಸಲ್ ಗೋಡೆಯ ಕಡೆ ತಿರುಗಿದರು. ಫೋಟೋಗಳು ಅವರಿಗೆ ಕಾಣುತ್ತಿರಲಿಲ್ಲ. ಯಾವುದು ಎಲ್ಲಿದೆಯೆಂದು ಗೊತ್ತಿತ್ತು.

"ನಾಳೆ ನಾಲ್ಕಕ್ಕೆ ಆಗಲ್ಲಮ್ಮ," ಎಂದರು. "ನಂಗೊಬ್ಬ ಮದುಮಗ ಇದ್ದಾನೆ. ನಲವತ್ತೊಂದು ವರ್ಷದಲ್ಲಿ ಒಂದೂ ತಪ್ಪಿಸಿಲ್ಲ."

ಕ್ಲೆಮ್ ಫೋನ್ ಕಿತ್ತುಕೊಂಡ. "ಬರ್ತಾರೆ ಮೇಡಂ, ಬರ್ಕೊಳ್ಳಿ. ಮದುಮಗನೇ ಮಾತಾಡ್ತಿರೋದು. ಅವನಿಗೆ ಅವರ ಕಟಿಂಗ್ ಬೇಡವಂತೆ."

ಹಾಗಂದು ಫೋನ್ ಇಟ್ಟ.

"ಬೇಡ್ವಾ?" ಎಂದರು ಟ್ಯಾಟರ್ಸಲ್.

"ಬೇಡ. ಉಳಿದರ್ಧ ಓರ್ಹಾನ್ ಮಾಡ್ತಾನೆ. ಕಣ್ಣು ಸರಿಹೋದ ಮೇಲೆ ಬರ್ತೀನಿ, ಆಗ ನೋಡಿ ಹೇಳ್ತೀನಿ."

ಟ್ಯಾಟರ್ಸಲ್ ಕಪಾಟಿನಿಂದ ಬಾಟಲಿ ತೆಗೆದು ಮುಚ್ಚಳ ತಿರುವಿದರು. "ಇದಾದ್ರೂ ಕುಡೀತೀಯೋ, ಇದೂ ಚೆನ್ನಾಗಿಲ್ವೋ?" ಎನ್ನುತ್ತಾ ಸಣ್ಣ ಗ್ಲಾಸಿಗೆ ಬಗ್ಗಿಸಿದರು. ವಿಸ್ಕಿ ಗ್ಲಾಸಿಗೆ ಒಂದು ಇಂಚು ಆಚೆ, ಬಾಚಣಿಗೆಗಳ ಮೇಲೆ ಸುರಿಯತೊಡಗಿತು.

"ಹೊರಗೆ ಹೋಗ್ತಿದೆ," ಎಂದ ಕ್ಲೆಮ್. "ಎಡಕ್ಕೆ. ಇನ್ನೂ ಸ್ವಲ್ಪ ಎಡಕ್ಕೆ."

ಟ್ಯಾಟರ್ಸಲ್ ಬಾಟಲಿಯನ್ನು ಎಡಕ್ಕೆ ಸರಿಸಿದರು. ಗ್ಲಾಸು ತುಂಬಿತು.